ಬಸರಿ ಸಾಲು

ತುಂಬೆ ಗಿಡದ ವಾಸನೆ ಕೈಗೆ ಒಮ್ಮೆ ಹತ್ತಿತೆಂದರೆ ಬೇಗ ಬಿಡುವುದಿಲ್ಲ. ಸಾಬೂನು ಹಚ್ಚಿ ತಿಕ್ಕಿ ತೊಳೆದರೂ ರೊಟ್ಟಿ ಮುರಿದು ಬಾಯಿಗೆ ಇಡುವಾಗ ಮೂಗಿಗೆ ಬಡಿಯುತ್ತದೆ. ನೌಕರಿಯ ಕಾಲವೆಲ್ಲ ಈ ಕೈ ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿತ್ತು. ನಾನು ಯಲಬುರ್ಗಾ, ಕುಕನೂರು ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದವಳು. ಆ ವಾಸನೆ ಎಂದೋ ಹೋಯಿತು, ತುಂಬೆಯದು ಉಳಿದಿದೆ. ನಿನ್ನೆ ಸಂಜೆ ಹೊಲದಿಂದ ಬಂದು ಕೈ ಮೂಸಿಕೊಂಡಾಗ ಚಿಗವ್ವನ ನೆನಪಾಯಿತು. ಅವಳ ನೆನಪಾಗದ ದಿನ ಯಾವುದೂ ಇಲ್ಲ, ಆದರೆ ನಿನ್ನೆ ಆದದ್ದು ಬೇರೆ ರೀತಿ. ಅದನ್ನು ಬರೆದಿಟ್ಟರೇ ನನಗೆ ಸಮಾಧಾನ, ಅಥವಾ ಬರೆದರೂ ಇಲ್ಲವೋ ಏನೋ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ದ್ಯಾಮವ್ವ. ನಾನು ಲಂಗ ಹಾಕುವ ಹುಡುಗಿಯಾಗಿದ್ದಾಗಲೇ ಅವ್ವ ಸತ್ತಳು. ಚಿಗವ್ವ ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು, ಮಕ್ಕಳಿರಲಿಲ್ಲ. ನಮಗೆ ಸ್ವಂತದ್ದು ಎಂದು ಒಂದು ಗೇಣು ಹೊಲವೂ ಇರಲಿಲ್ಲ. ಕಂಡವರ ಹೊಲದಲ್ಲಿ ಕಸ ತೆಗೆದು, ಶೇಂಗಾ ಕಿತ್ತು, ಜೋಳ ಕೊಯ್ದು ನನ್ನನ್ನು ಓದಿಸಿದಳು. ನರ್ಸಿಂಗ್ ಕಲಿಯಲು ಹೋಗುವ ದಿನ ಬಸ್ಸಿನ ಕಿಟಕಿಯ ಹೊರಗೆ ನಿಂತು, "ಅಳಬ್ಯಾಡ, ಕೈಯಾಗ ಕೆಲಸ ಇದ್ರ ಯಾರ ಹಂಗೂ ಇಲ್ಲ" ಎಂದಿದ್ದಳು. ಅಳುತ್ತಿದ್ದವಳು ಅವಳೇ.

ಅವಳು ಎಡಚಿ. ಹನುಮಸಾಗರದ ಹತ್ತಿರದ ನಮ್ಮೂರಲ್ಲಿ ಅವಳನ್ನು ಗುರುತಿಸುತ್ತಿದ್ದದ್ದೇ ಎಡಚಿ ದ್ಯಾಮವ್ವ ಎಂದು. ಮದುವೆಯ ಪಂಗತಿಯಲ್ಲಿ ಬಡಿಸಲು ಹೋದರೆ "ಎಡಗೈಲೆ ಬ್ಯಾಡ ಯವ್ವಾ" ಎಂದು ಯಾರಾದರೂ ಬುಟ್ಟಿ ಕಸಿದುಕೊಳ್ಳುತ್ತಿದ್ದರು. ಅಕ್ಕಿಕಾಳು ಹಾಕುವಾಗ ಪಕ್ಕದವರು ಅವಳ ಬಲಗೈ ಎತ್ತಿ ಹಿಡಿಯುತ್ತಿದ್ದರು. ಇದಕ್ಕೆಲ್ಲ ಅವಳದು ಒಂದೇ ಮಾತು: "ಹೊಲದಾಗ ಯಾ ಕೈ ಅಂತ ಯಾರೂ ಕೇಳಂಗಿಲ್ಲ. ಕಸ ಬಂತೋ ಇಲ್ಲೋ, ಅಷ್ಟ ನೋಡ್ತಾರ."

ನಾನು ನಿವೃತ್ತಳಾದ ದಿನ ಆಸ್ಪತ್ರೆಯವರು ಶಾಲು ಹೊದಿಸಿ, ಹಾರ ಹಾಕಿ, "ಇನ್ನ ಆರಾಮ ಇರ್ರಿ ಸಿಸ್ಟರ್" ಎಂದು ಕಳಿಸಿದರು. ಆ ಆರಾಮದ ಮನೆ ಹಾಳಾಗಲಿ. ಮದುವೆಯಾಗದ ನನಗೆ ಬೇರೆ ಯಾರಿದ್ದರು? ಕುಷ್ಟಗಿಯ ಬಾಡಿಗೆ ಮನೆ ಬಿಟ್ಟು ಚಿಗವ್ವನ ಮನೆಗೆ ಬಂದೆ. ಎಪ್ಪತ್ತು ದಾಟಿದ ಹೆಂಗಸು, ನೋಡಿಕೊಳ್ಳುವವರು ಒಬ್ಬರು ಬೇಕು ಎಂದುಕೊಂಡಿದ್ದೆ. ಬಂದ ಮಾರನೆಯ ದಿನ ನಾನು ಏಳುವಷ್ಟರಲ್ಲಿ ಅವಳು ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ತನ್ನ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಲಿಯ ಹೆಣ್ಣುಮಕ್ಕಳನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ಬಂದು ಹಾರ್ನ್ ಹೊಡೆಯಿತು. "ನಿಂದು ಬುಟ್ಟಿಯಾಗ ಮುಚ್ಚಿಟ್ಟೀನಿ, ಬಿಸಿ ಇರತನಾ ತಿನ್ನು" ಎಂದು ಹತ್ತಿ ಹೋದಳು. ನೋಡಿಕೊಳ್ಳಲು ಬಂದವಳು ಹಾಸಿಗೆಯಲ್ಲಿ ಕೂತು ಕಣ್ಣು ಉಜ್ಜುತ್ತಿದ್ದೆ.

ಆ ಸಂಜೆಯೇ ಜಗಳ ತೆಗೆದೆ.

"ಸಾಕಿನ್ನ ಚಿಗವ್ವ. ದುಡದದ್ದು ಭಾಳ ಆತು. ನನ್ನ ಪಿನ್ಷನ್ ಐತಿ, ಇಬ್ಬರಿಗೂ ಆಗ್ತದ."

"ಪಿನ್ಷನ್ ನಿಂದು. ಹೊಟ್ಟಿ ನಂದು."

"ನಿನ್ನ ಹೊಟ್ಟಿಗೆ ನಾ ಹಾಕಿದ್ರ ಏನಾಗ್ತೈತಿ?"

"ಏನೂ ಆಗಂಗಿಲ್ಲ. ಹೊಟ್ಟಿ ತುಂಬತೈತಿ, ನಾ ಸಾಯ್ತೀನಿ" ಎಂದಳು, ಕಾಲಿನ ಮುಳ್ಳು ತೆಗೆಯುತ್ತ. ಮುದುಕಿಯ ಕೊಂಕು ಎಂದು ನಾನು ನಕ್ಕೆ.

ಆ ವರ್ಷ ಮುಂಗಾರಿನ ಮಿರಗದ ಮಳೆ ಹೇಳಿ ಕಳಿಸಿದಂತೆ ಬಂತು. ಮಸಾರಿ ಹೊಲಗಳ ಕೆಂಪು ಮಣ್ಣಿನಲ್ಲಿ ಶೇಂಗಾ, ಸಜ್ಜೆ, ಹೆಸರು ಎಲ್ಲ ಒಂದೇ ಸಲ ಎದ್ದವು. ಅವುಗಳ ಹಿಂದೆ ಕಸವೂ ಎದ್ದಿತು. ಕರಿಕೆ, ತುಂಬೆ, ಹೆಸರು ಗೊತ್ತಿಲ್ಲದ ಹತ್ತಾರು ಸೊಪ್ಪು. ಮಳೆ ಚೆನ್ನಾಗಿ ಬಂದ ವರ್ಷ ಹೆಣ್ಣಾಳಿಗೆ ಬೇಡಿಕೆ. ಮುಂಜಾನೆ ಏಳಕ್ಕೆಲ್ಲ ಊರು ಖಾಲಿ. ಉಳಿಯುತ್ತಿದ್ದವರು ಹಾಸಿಗೆ ಹಿಡಿದವರು, ನಾಯಿಗಳು ಮತ್ತು ನಾನು. ಕೆಲವು ದಿನ ಬಿ.ಪಿ. ನೋಡುವ ಯಂತ್ರ ಹಿಡಿದು ಮನೆಮನೆ ತಿರುಗಿದೆ. ಅದೇ ಅಜ್ಜ, ಅದೇ ಅಜ್ಜಿ, ಅದೇ ಬಿ.ಪಿ. ಮಧ್ಯಾಹ್ನದ ಹೊತ್ತು ಗೋಡೆಗೆ ಒರಗಿ ಕೂತರೆ ನನ್ನ ಉಸಿರಾಟ ನನಗೇ ಕೇಳುತ್ತಿತ್ತು. ಯಾರಿಗೂ ನಾನು ಬೇಕಿಲ್ಲ ಎನ್ನುವುದು ಅಷ್ಟು ದೊಡ್ಡ ಸಪ್ಪಳ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಕೂಲಿಗೆ ಹೋಗುವವರನ್ನು ಹಿಂದಿನ ಸಂಜೆಯೇ ಬಾಗಿಲಿಗೆ ಬಂದು ಕರೆಯಬೇಕು. ದಿನಾ ಬರುವವಳೇ ಆದರೂ ಕರೆಯಬೇಕು. ಕರೆಯದೆ ಹೋಗುವುದು ಕರೆಯದ ಮದುವೆಗೆ ಉಣ್ಣಲು ಹೋದ ಹಾಗೆ. ನಮ್ಮ ಓಣಿಯ ಗುಂಪಿಗೆ ಹುಲಿಗೆವ್ವ ಮುಖ್ಯಸ್ಥೆ, ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ದಿನಾ ಸಂಜೆ ನಮ್ಮ ಕಟ್ಟೆಯ ಮುಂದೆ ನಿಂತು, "ಅತ್ತಿ, ನಾಳಿ ಬರ್ತಿ?" ಎನ್ನುವಳು. ಚಿಗವ್ವ ತಕ್ಷಣ ಹೂಂ ಎನ್ನುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ಮೋಡ ನೋಡಿ, "ನೋಡೂಣು ತಗೋ" ಎಂದು ಸ್ವಲ್ಪ ಕಾಯಿಸಿ, ಆಮೇಲೆ "ಬರ್ತೀನಿ" ಎನ್ನುತ್ತಿದ್ದಳು. ಆ ಗತ್ತು ನೋಡುವುದೇ ಒಂದು ಚೆಂದ.

ಒಂದು ಸಂಜೆ ನಾನೇ ಕೇಳಿದೆ, "ನನ್ನೂ ಕರಿ ಹುಲಿಗೆವ್ವ."

ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಸಿಸ್ಟರ್, ಕುರ್ಪಿ ಅಂದ್ರ ಇಂಜೆಕ್ಷನ್ ಅಲ್ರಿ. ಸೊಂಟ ಹಿಡಿತೈತಿ."

"ಹಿಡಿಲಿ. ಮನ್ಯಾಗ ಕುಂತು ತಲಿ ಹಿಡದೈತಿ."

ಮೊದಲ ದಿನ ನನ್ನನ್ನು ಗುಂಪಿನ ನಡುವೆ ಕೂರಿಸಿದರು. ಶೇಂಗಾ ಹೊಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಎಲ್ಲರೂ ಒಂದೇ ಬದುವಿನಿಂದ ಕುಕ್ಕರಗಾಲಲ್ಲಿ ಕೂತು ಹೊರಟು, ಕುರ್ಪಿಯಿಂದ ಕೆದರಿ ಕಸ ಕೀಳುತ್ತ, ಆ ಕಡೆಯ ಬದುವಿಗೆ ಒಟ್ಟಿಗೆ ಮುಟ್ಟಬೇಕು. ಹಿಂದೆ ಬಿದ್ದವಳು ಎಲ್ಲರ ಕಣ್ಣಿಗೂ ಬೀಳುತ್ತಾಳೆ. ಗುಂಪಿನಲ್ಲಿ ಯಾರಾದರೂ ಬಸುರಿ ಇದ್ದರೆ ಅವಳನ್ನು ಇಬ್ಬರು ಚುರುಕಿನವರ ನಡುವೆ ಕೂರಿಸುತ್ತಾರೆ. ಆ ಇಬ್ಬರು ತಮ್ಮ ಸಾಲಿನ ಜೊತೆಗೆ ಅವಳ ಸಾಲಿಗೂ ಆಗಾಗ ಕೈ ಚಾಚಿ ಮುಂದಿನ ಕಸ ತೆಗೆದುಬಿಡುತ್ತಾರೆ. ಹಾಗಾಗಿ ಅವಳೂ ಎಲ್ಲರ ಜೊತೆಗೇ ಬದು ಮುಟ್ಟುತ್ತಾಳೆ, ಹೊಲದ ಮಾಲೀಕನ ಬಾಯಿ ಏಳುವುದಿಲ್ಲ. ಅದಕ್ಕೆ ಬಸರಿ ಸಾಲು ಎನ್ನುತ್ತಾರೆ. ನನಗೆ ಕೊಟ್ಟದ್ದು ಅದು. ನನ್ನ ಒಂದು ಪಕ್ಕಕ್ಕೆ ಯಲ್ಲವ್ವ ಎಂಬ ಮೂವತ್ತರ ಹುಡುಗಿ, ಗಾಳಿಯ ಹಾಗೆ ಕೈ ಆಡಿಸುವವಳು.

"ಎಷ್ಟು ತಿಂಗಳ್ರೀ ಸಿಸ್ಟರ್?" ಎಂದಳು ಯಲ್ಲವ್ವ. ಹೊಲವೆಲ್ಲ ನಕ್ಕಿತು. ಊರೂರು ತಿರುಗಿ ಕಂಡವರ ಹೆರಿಗೆ ಮಾಡಿಸಿದ ನಾನು ಅರವತ್ತಕ್ಕೆ ಬಸುರಿಯಾದೆ.

ಚಿಗವ್ವ ಯಲ್ಲವ್ವನ ಆ ಪಕ್ಕಕ್ಕಿದ್ದಳು; ಅವಳ ಆಚೆ ಹುಲಿಗೆವ್ವ. ಮುಂಚೆ ಚಿಗವ್ವನದು ಯಾವಾಗಲೂ ಅಂಚಿನ ಸಾಲು. ಅಂಚಿನವಳು ನಡೆದ ಹಾಗೆ ಗುಂಪು ನಡೆಯಬೇಕು, ಅದು ಗುಂಪಿನ ಹಿರಿ ಕೈಗೆ ಕೊಡುವ ಜಾಗ. ಯಾಕೆ ಬಿಟ್ಟೆ ಎಂದು ಕೇಳಿದಾಗ, "ಅಂಚಿಗೆ ಜಾಲಿ ಮುಳ್ಳು ಭಾಳಂತ. ಹುಲಿಗೆವ್ವ ಕೇಳವಲ್ಲಳು, ಎಳದು ಈಕಡೆ ಕುಂದ್ರಿಸಿದಳು" ಎಂದಿದ್ದಳು. ಸರಿ ಎಂದು ನಾನೂ ಸುಮ್ಮನಾದೆ. ನನಗೆ ನನ್ನ ಸೊಂಟದ್ದೇ ಆಗಿತ್ತು.

ಹೇಳುತ್ತೇನೆ ಕೇಳಿ, ಆ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಮೊಣಕಾಲು ಊದಿಕೊಂಡವು, ಅಂಗೈ ಬೊಬ್ಬೆ ಎದ್ದು ಒಡೆದವು, ಆದರೂ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರೆ ಒಬ್ಬರ ಚಟ್ನಿ ಇನ್ನೊಬ್ಬರ ರೊಟ್ಟಿಗೆ. ಚಿಗವ್ವ ಅಲ್ಲಿ ಬೇರೆಯೇ ಹೆಂಗಸು. ಮನೆಯಲ್ಲಿ ನಾಲ್ಕು ಮಾತು ಆಡದವಳು ಅಲ್ಲಿ ಹೊಲದ ಮಾಲೀಕನ ನಡಿಗೆಯನ್ನು ಕೂತಲ್ಲೇ ನಡೆದು ತೋರಿಸಿ ನಗಿಸುತ್ತಿದ್ದಳು. ಎಲ್ಲರ ಬಸುರು ಬಾಣಂತನದ ಕಥೆಗಳು ಅವಳ ಬಳಿ ಇದ್ದವು, ಯಾಕೆಂದರೆ ಅಲ್ಲಿದ್ದವರೆಲ್ಲ ಒಂದಲ್ಲ ಒಂದು ವರ್ಷ ಅವಳ ಪಕ್ಕದಲ್ಲಿ ಬಸರಿ ಸಾಲು ಹಿಡಿದವರು. ಹುಲಿಗೆವ್ವನಿಗಂತೂ ಪ್ರತಿ ಬಸುರಿನಲ್ಲೂ ಅವಳದೇ ಎಡಗೈ.

ಶ್ರಾವಣ ಬರುವಷ್ಟರಲ್ಲಿ ನನ್ನ ಕೈ ಪಳಗಿತು. ಒಂದು ದಿನ ಯಾರ ನೆರವಿಲ್ಲದೆ ಗುಂಪಿನ ಜೊತೆ ಬದು ಮುಟ್ಟಿದೆ. ಚಿಗವ್ವ ತಿರುಗಿ ನನ್ನ ಸಾಲು ನೋಡಿ, "ಹಡದಿ ನೋಡು" ಎಂದಳು. ನನಗೆ ಆಸ್ಪತ್ರೆಯಲ್ಲಿ ಯಾವ ಸಾಹೇಬರು ಹೊಗಳಿದಾಗಲೂ ಆಗದಷ್ಟು ಸಂತೋಷವಾಯಿತು. ಮನೆಗೆ ಬಂದು ಇಬ್ಬರೂ ಕೂಡಿ ಕಡಬು ಮಾಡಿ ತಿಂದೆವು.

ಅದಾದ ಸ್ವಲ್ಪ ದಿನಕ್ಕೆ ಒಂದು ರಾತ್ರಿಯೆಲ್ಲ ಸಣ್ಣ ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಬಿಟ್ಟಿತ್ತು. ಒಣ ಮಣ್ಣಾದರೆ ಕೆದರಿದ್ದು ಕ್ಷಣದಲ್ಲಿ ಬೆಳ್ಳಗಾಗಿ ಎಲ್ಲ ಒಂದೇ ಆಗಿಬಿಡುತ್ತದೆ. ಅವತ್ತು ಹಸಿ ನೆಲ. ಕುರ್ಪಿ ತಾಗಿದ ಕಡೆಯೆಲ್ಲ ಒಳಗಿನ ಮಣ್ಣು ಕಡುಗೆಂಪಾಗಿ ಎದ್ದು ಬಿದ್ದಿರುತ್ತಿತ್ತು. ಅರ್ಧ ಹೊಲ ಸಾಗಿದಾಗ ಚಿಗವ್ವ ನೀರು ಕುಡಿಯಲು ಎದ್ದಳು. ತಂಬಿಗೆ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, ಬಂದ ದಾರಿಯನ್ನು ಸುಮ್ಮನೆ ತಿರುಗಿ ನೋಡಿದಳು. ಆಮೇಲೆ ಮುಂದೆ, ತಾನಿನ್ನೂ ಮುಟ್ಟಬೇಕಿದ್ದ ಕಡೆ ನೋಡಿದಳು. ಅಲ್ಲಿಯೂ ಮಣ್ಣು ಎದ್ದಿತ್ತು.

ಬಲಗೈಯವರು ಕುರ್ಪಿ ಎಳೆದರೆ ಮಣ್ಣು ಸಾಲಿನ ಎಡಕ್ಕೆ ಬೀಳುತ್ತದೆ. ಎಡಚರದು ಬಲಕ್ಕೆ. ಅವಳ ಸಾಲಿನಲ್ಲಿ ಬಲಕ್ಕೆ ಬಿದ್ದದ್ದು ಅಲ್ಲಿಷ್ಟು ಇಲ್ಲಿಷ್ಟು. ಮಿಕ್ಕಿದ್ದೆಲ್ಲ ಎಡಕ್ಕೆ.

ತುಂಬ ಹೊತ್ತು ನಿಂತಳು. ಹಾಡು ಹೇಳುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಯಲ್ಲವ್ವ ತಲೆ ಎತ್ತಲೇ ಇಲ್ಲ.

"ಯಾವಾಗಿಂದ?" ಎಂದಳು ಚಿಗವ್ವ.

ಹುಲಿಗೆವ್ವ ಎದ್ದು ನಿಂತಳು. "ಏನು ಅತ್ತಿ?"

"ಕೇಳಬ್ಯಾಡ ನನ್ನ. ನಿನಗ ಗೊತ್ತೈತಿ. ಯಾವಾಗಿಂದ?"

"ಹೋದ ವರ್ಷ ಹೆಸರು ಹೊಲದಾಗ ನೀ ಭಾಳ ತೇಕತಿದ್ದಿ. ಆವಾಗಿಂದ." ಹುಲಿಗೆವ್ವನ ದನಿ ಇಳಿದಿತ್ತು. "ಪೂರಾ ಏನ್ ತಗದಿಲ್ಲತ್ತಿ. ನಿನಗೂ ಅಷ್ಟಷ್ಟು ಬಿಡ್ತಿದ್ವಿ. ತಪ್ಪೇನೈತಿ ಇದ್ರಾಗ? ನಾ ಹೊಟ್ಟಿ ಹೊತ್ಕೊಂಡು ಬಂದಾಗ ನೀ ತಗದಿಲ್ಲೇನು ನಂದು?"

ಚಿಗವ್ವ ಸಿಟ್ಟು ಮಾಡುತ್ತಾಳೆ, ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬಹಳ ಮೆತ್ತಗೆ ಹೇಳಿದಳು:

"ಬಸರಿಗೆ ಕೊಡೂದು ಬ್ಯಾರೆ ಹುಲಿಗೆವ್ವ. ಅಕಿ ಹಡದು ತಿರಗಿ ಬರ್ತಾಳ. ನಾ ಎಲ್ಲಿಂದ ತಿರಗಿ ಬರ್ಲಿ?"

ಅಷ್ಟು ಹೇಳಿ ಕೂತು ಮತ್ತೆ ಕುರ್ಪಿ ಹಿಡಿದಳು. ಸಂಜೆ ಟಂಟಂ ಹತ್ತುವಾಗ ಹುಲಿಗೆವ್ವನ ಕೈ ಹಿಡಿದು, "ನಾಳಿ ನನಗ ಅಂಚಿನ ಸಾಲು ಕೊಡು. ನನ್ನ ಸಾಲಿಗೆ ಯಾರರ ಕೈ ಹಾಕಿದ್ರ ನನ್ನಾಣಿ" ಎಂದಳು. ನಮ್ಮಲ್ಲಿ ಹಿರಿಯರು ತಮ್ಮ ಮೇಲೆ ಆಣೆ ಇಟ್ಟರೆ ಅದನ್ನು ಮುರಿಯುವ ಧೈರ್ಯ ಯಾರಿಗಿದೆ?

ಆ ರಾತ್ರಿ ರೊಟ್ಟಿ ಮುರಿದವಳು ತಿನ್ನದೆ ಹಾಗೇ ಕೂತಿದ್ದಳು. "ನಾನ ದುಡದು ತಿಂತೀನಿ ಅಂತ ನಿನ್ನ ಮುಂದ ಜಂಬ ಹೊಡದೆ" ಎಂದಳು. "ವರ್ಷಾತು, ಅವರು ದುಡದದ್ದು ತಿಂತಿದ್ದೆ." ಹಾಗಲ್ಲ ಎಂದು ನಾನು ಏನೇನೋ ಹೇಳಿದೆ. ಸಾಯುವವರ ಹತ್ತಿರ ಕೂತು ಸಮಾಧಾನ ಹೇಳಿ ಅಭ್ಯಾಸವಿದ್ದ ನಾಲಿಗೆ ನನ್ನದು. ಅವತ್ತು ಅದೂ ಕೆಲಸಕ್ಕೆ ಬರಲಿಲ್ಲ.

ಮರುದಿನ ಅವಳು ಅಂಚಿನ ಸಾಲು ಹಿಡಿದಳು. ಎಲ್ಲರೂ ಹೊರಟೆವು. ಅಂಚಿನವಳ ಹೆಜ್ಜೆಗೇ ಉಳಿದವರು ನಡೆಯಬೇಕೆಂದು ಹುಲಿಗೆವ್ವ ಕೈ ನಿಧಾನ ಮಾಡಿದಳು. ಅವಳನ್ನು ನೋಡಿ ನಾವೂ ನಿಧಾನ ಮಾಡಿದೆವು. ಚಿಗವ್ವನಿಗೆ ಅದೂ ತಿಳಿಯಿತು. "ನಡೀರಿ ನೀವು" ಎಂದು ಗದರಿಸಿದಳು. "ಹೊಲದಾಂವ ಕೂಲಿ ಕೊಡೂದು ನನ್ನ ಮಾರಿ ನೋಡಾಕಲ್ಲ."

ನಡೆದೆವು. ಬೇರೆ ಏನು ಮಾಡಬಹುದಿತ್ತು? ಆ ಕಡೆಯ ಬದು ಮುಟ್ಟಿ ತಿರುಗಿ ನೋಡಿದರೆ ಅವಳು ಇನ್ನೂ ಹೊಲದ ಮೊದಲ ಕಾಲು ಭಾಗದಲ್ಲಿದ್ದಳು. ತಲೆಯ ಮೇಲೆ ಸೆರಗು, ಎಡಗೈ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. ನಾವು ಮುಂದಿನ ಸಾಲು ಹಿಡಿದು ವಾಪಸು ಬರುವಾಗ ಅವಳನ್ನು ಎದುರಾಗಿ ದಾಟಿದೆವು. ಅವಳ ಸಾಲಿನ ತುಂಬೆ ಗಿಡಗಳು ಯಲ್ಲವ್ವನ ಮೊಣಕೈಗೆ ತಾಗುತ್ತಿದ್ದವು, ಒಂದು ಸಲ ಕೈ ಆಡಿಸಿದರೆ ಆಗಿಹೋಗುತ್ತಿತ್ತು. ಯಲ್ಲವ್ವ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದಾಟಿದಳು. ಅಳುತ್ತಿದ್ದಳು. ಚಿಗವ್ವನ ಉಸಿರು ನನಗೆ ಕೇಳಿಸಿತು, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ. ತೆಗೆದಷ್ಟು ಸಾಲು ಮಾತ್ರ ಎಷ್ಟು ಸ್ವಚ್ಛವಾಗಿತ್ತೆಂದರೆ ಅಂಗಳ ಗುಡಿಸಿದಂತಿತ್ತು. ಮಣ್ಣೆಲ್ಲ ಬಲಕ್ಕೆ.

ಬುತ್ತಿಯ ಹೊತ್ತಾಯಿತು. ಬೇವಿನ ಗಿಡದ ಕೆಳಗೆ ಕೂತೆವು, ಯಾರೂ ಗಂಟು ಬಿಚ್ಚಲಿಲ್ಲ. ಅವಳು ಬಿಸಿಲಲ್ಲಿ ಒಬ್ಬಳೇ. ಹುಲಿಗೆವ್ವ ಎರಡು ಸಲ ಎದ್ದಳು, ಎರಡು ಸಲವೂ ಕೂತಳು. ಎಷ್ಟೋ ಹೊತ್ತಿನ ಮೇಲೆ ಚಿಗವ್ವ ತಾನೇ ಎದ್ದು ನಿಂತಳು, ಮೊಣಕಾಲ ಮೇಲೆ ಕೈ ಊರಿ, ಮೊದಲು ಅರ್ಧ, ಆಮೇಲೆ ಪೂರ್ತಿ. ಮುಂದೆ ಉಳಿದ ಸಾಲನ್ನು ನೋಡಿದಳು. ಸಾಲು ಬಿಟ್ಟು, ಅಡ್ಡಕ್ಕೆ ಹೊಲ ದಾಟಿ, ಶೇಂಗಾ ಗಿಡ ತುಳಿಯದಂತೆ ಕಾಲು ಎತ್ತಿ ಎತ್ತಿ ಇಡುತ್ತ ರಸ್ತೆಯ ಕಡೆ ನಡೆದಳು. ಕುರ್ಪಿ ನಿಲ್ಲಿಸಿದಲ್ಲೇ ನೆಲದಲ್ಲಿ ನಾಟಿಕೊಂಡಿತ್ತು.

ಸಂಜೆ ಹುಲಿಗೆವ್ವ ಆ ಕುರ್ಪಿ ತೊಳೆದು ತಂದು ಕೊಟ್ಟಳು. ಎಂದಿನ ಹಾಗೆ ಕಟ್ಟೆಯ ಮುಂದೆ ನಿಂತು, "ಅತ್ತಿ, ನಾಳಿ ಬರ್ತಿ?" ಎಂದಳು. ಅದನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಚಿಗವ್ವ ಮೋಡ ನೋಡಲಿಲ್ಲ, ಕಾಯಿಸಲಿಲ್ಲ.

"ಕರೀಬ್ಯಾಡ್ರಿ ಬೇ ಇನ್ನ" ಎಂದಳು.

ಅವಳನ್ನು ನಾನು ಗಂಗಾವತಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದೆ. ಎದೆಯ ಫೋಟೋ, ರಕ್ತ, ಎಲ್ಲ ನೋಡಿದರು. "ಏನೂ ರೋಗ ಇಲ್ಲ, ವಯಸ್ಸು. ಇನ್ನ ಆರಾಮ ಇರ್ರಿ ಅಜ್ಜಿ" ಎಂದರು. ಒಂದು ಗುಳಿಗೆ ಬರೆದುಕೊಡಬಾರದಾಗಿತ್ತೇ ಎನ್ನಿಸಿತು ನನಗೆ. ಬಸ್ಸಿನಲ್ಲಿ ಬರುವಾಗ ಕಾಲುವೆಯ ನೀರು, ಭತ್ತದ ಗದ್ದೆ, ಮೊಣಕಾಲುದ್ದ ಕೆಸರಲ್ಲಿ ಸಾಲಾಗಿ ಬಗ್ಗಿದ ಹೆಣ್ಣುಮಕ್ಕಳು ಕಂಡರು. ಚಿಗವ್ವ ಮುಖ ಈ ಕಡೆ ತಿರುಗಿಸಿಕೊಂಡಳು.

ಆಮೇಲಿನದು ಹೇಳಲು ಹೆಚ್ಚಿಲ್ಲ. ನಾನು ಹೊಲಕ್ಕೆ ಹೋಗುವುದು ಬಿಟ್ಟೆ. ಅವಳಿಗೆ ಅದೂ ಸೇರಲಿಲ್ಲ. "ನನ್ನ ಕಾಯಾಕ ಕುಂತೀಯೇನು" ಎಂದು ಗೊಣಗಿದಳು. ಮುಂಜಾನೆ ಟಂಟಂ ನಮ್ಮ ಬಾಗಿಲಿಗೆ ಬಂದಾಗ ಡ್ರೈವರ್ ರೂಢಿಯ ಮೇಲೆ ಹಾರ್ನ್ ಹೊಡೆಯುತ್ತಿದ್ದ, ಆಮೇಲೆ ನೆನಪಾಗಿ ಗಾಡಿ ಮುಂದಕ್ಕೆ ಬಿಡುತ್ತಿದ್ದ. ಆ ಹೊತ್ತಿಗೆ ಅವಳು ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದಳು. ಹೆಣ್ಣುಮಕ್ಕಳು ಹಬ್ಬ ಹುಣ್ಣಿವೆಗೆ ಮಾತಾಡಿಸಲು ಬಂದರೆ ಕಣ್ಣು ಎತ್ತುತ್ತಿರಲಿಲ್ಲ. ಅವರೇನೋ ಕೊಟ್ಟವರು, ತಾನು ಇಸಕೊಂಡವಳು, ಹಾಗೆ.

ತಿನ್ನುವುದು ಕಡಿಮೆ ಮಾಡಿದಳು. ಎರಡನೇ ರೊಟ್ಟಿ ಹಾಕಲು ಹೋದರೆ ತಾಟಿನ ಮೇಲೆ ಕೈ ಅಡ್ಡ. "ಕುಂತಾಕಿಗೆ ಒಂದ ಭಾಳ" ಎನ್ನುವಳು. ಒಂದು ದಿನ ನನ್ನ ತಾಳ್ಮೆ ಕೆಟ್ಟು ಹರಿಹಾಯ್ದೆ. "ನೀ ನನಗ ಹಾಕಿಲ್ಲೇನು? ನಾ ಸಣ್ಣಾಕಿದ್ದಾಗ ಕುಂತ ತಿಂದಿಲ್ಲೇನು ನಾನು?"

"ನೀ ಬೆಳಿತಿದ್ದಿ" ಎಂದಳು.

ನಾನು ಆ ಎರಡನೇ ರೊಟ್ಟಿಯನ್ನು ಬುಟ್ಟಿಗೆ ವಾಪಸು ಹಾಕಿದೆ.

ಎಳ್ಳಮಾಸಿ ಹಬ್ಬ ಬಂತು. ನಮ್ಮ ಕಡೆ ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ಒಂದು ಪಾಲನ್ನು ಭೂತಾಯಿಗೆಂದು ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತದೆ. ಹೊಲವಿಲ್ಲದ ನಾವು ಆ ವರ್ಷ ಕೆಲಸ ಮಾಡಿದವರ ಹೊಲಕ್ಕೆ ಹೋಗುವುದು ವಾಡಿಕೆ. ನಾನು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳ್ಳಿನ ಹೋಳಿಗೆ ಎಲ್ಲ ಮಾಡಿ ಗಂಟು ಕಟ್ಟಿದೆ. ಹುಲಿಗೆವ್ವ ತಾನೇ ಬಂದು ಕೈ ಹಿಡಿದು ಕರೆದಳು, ಟಂಟಂನಲ್ಲಿ ಮುಂದಿನ ಸೀಟು ಇಟ್ಟಿದ್ದೇವೆ ಎಂದಳು. ಚಿಗವ್ವ ಕಂಬ ಹಿಡಿದು ಕೂತವಳು ಏಳಲಿಲ್ಲ.

"ಹೊಲಕ್ಕ ಬರೇ ಉಣ್ಣಾಕ ಹೋಗೂದ?" ಎಂದಳು. "ಒಲ್ಲೆ."

ಯುಗಾದಿಯ ಬೇವು ಹೂ ಬಿಡುವ ಮುಂಚೆ ಹೋದಳು. ಒಂದು ಮುಂಜಾನೆ ಎಬ್ಬಿಸಲು ಹೋದರೆ ಎದ್ದಿರಲಿಲ್ಲ, ಅಷ್ಟೆ. ನರ್ಸ್ ಆಗಿ ನಾನು ಸಾವಿಗೆ ಕಾರಣ ಹೇಳಬಲ್ಲೆ, ಹೃದಯ ನಿಂತಿತು ಎಂದು. ಎದೆಯ ಮೇಲೆ ಮಡಚಿಟ್ಟ ಎಡಗೈಯ ಅಂಗೈ ಮೆತ್ತಗಾಗಿತ್ತು. ದಡ್ಡುಗಟ್ಟಿದ ಆ ಚರ್ಮ ಆರು ತಿಂಗಳಲ್ಲಿ ಉದುರಿಹೋಗಿ ಒಳಗಿನಿಂದ ಎಳೆಯದು ಬಂದಿತ್ತು. ಮೊದಲ ಸಲ ನಾನು ಅವಳ ಕೈಯನ್ನು ಹೆಣ್ಣಿನ ಕೈಯೆಂದು ಮುಟ್ಟಿದೆ. ಎಲ್ಲರೂ "ಪುಣ್ಯವಂತಿ, ಯಾರ ಕೈಲೂ ಮಾಡಿಸಿಕೊಳ್ಳದ ಹೋದ್ಲು" ಎಂದರು. ಹಾಗೆಂದವರ ಬಾಯಿ ಮುಚ್ಚಿಸಬೇಕು ಎನ್ನಿಸಿತು.

ಮುಂದಿನ ಮುಂಗಾರಿಗೆ ನಾನು ಮತ್ತೆ ಗುಂಪು ಸೇರಿದೆ. ಬೇರೆ ಏನು ಮಾಡಲಿ? ಆ ಮನೆಯಲ್ಲಿ ಮಧ್ಯಾಹ್ನಗಳು ಹಾಗೇ ಇದ್ದವು. ಒಂದೆರಡು ವರ್ಷ ಕಳೆದ ಮೇಲೆ ಹುಲಿಗೆವ್ವ ನನಗೆ ಅಂಚಿನ ಸಾಲು ಕೊಟ್ಟಳು. ಚಿಗವ್ವನ ಕುರ್ಪಿ ನನ್ನ ಕೈಗೆ ಬರುವುದಿಲ್ಲ, ಅದರ ಬಾಯಿ ಎಡಗೈಗೆ ಸವೆದದ್ದು. ಸೂರಿನಲ್ಲಿ ಸಿಕ್ಕಿಸಿಟ್ಟಿದ್ದೇನೆ.

ಈಗ ನನಗೂ ಏಳುವಾಗ ಮೊಣಕಾಲ ಮೇಲೆ ಕೈ ಊರಬೇಕು. ಈ ವರ್ಷವೂ ಮಳೆ ಚೆನ್ನಾಗಿದೆ, ಕಸವೂ ಹಾಗೇ ಇದೆ. ನಿನ್ನೆ ಮುಂಜಾನೆ ಸಾಲು ಹಿಡಿಯುವಾಗ ಹುಲಿಗೆವ್ವ ತನ್ನ ಸೊಸೆಯನ್ನು ಅಂಚಿಗೆ ಕಳಿಸಿ, "ಸಿಸ್ಟರ್, ನೀವು ಈಕಡೆ ಬರ್ರಿ. ಅಂಚಿಗೆ ಮುಳ್ಳು ಭಾಳ ಐತಿ" ಎಂದಳು. ನಾನು ಹೋಗಿ ಅವಳ ಮತ್ತು ಯಲ್ಲವ್ವನ ನಡುವೆ ಕೂತೆ. ನಗುತ್ತ ಮಾತಾಡುತ್ತ ಹೊಲ ಸಾಗಿತು. ಎಲ್ಲರೂ ಒಟ್ಟಿಗೇ ಬದು ಮುಟ್ಟಿದೆವು, ನನಗೆ ಅಷ್ಟೇನೂ ಆಯಾಸವಾಗಿರಲಿಲ್ಲ.

ಬದುವಿನ ಮೇಲೆ ನಿಂತು ತಿರುಗಿ ನೋಡಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು, ನೆಲ ಹಸಿ, ಎದ್ದ ಮಣ್ಣು ಕಡುಗೆಂಪಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಹುಲಿಗೆವ್ವನ ಸಾಲಿನಲ್ಲಿ ಮಣ್ಣು ಎಡಕ್ಕೆ ಬಿದ್ದಿತ್ತು. ಯಲ್ಲವ್ವನದರಲ್ಲಿ ಎಡಕ್ಕೆ. ನನ್ನದರಲ್ಲೂ ಎಡಕ್ಕೇ. ನಾನು ಬಲಗೈಯವಳು, ಅವರೂ ಬಲಗೈಯವರು. ಯಾವುದು ನನ್ನ ಕೈ, ಯಾವುದು ಅವರದು ಎಂದು ಎಷ್ಟು ಹೊತ್ತು ನೋಡಿ ನಿಂತರೂ ತಿಳಿಯುವಂತಿರಲಿಲ್ಲ.

"ಏನ್ ನೋಡ್ತೀರಿ ಸಿಸ್ಟರ್?" ಎಂದಳು ಹುಲಿಗೆವ್ವ, ಹಿಂದಿನಿಂದ.

ಯಾವಾಗಿಂದ ಎಂದು ಕೇಳಬಹುದಿತ್ತು. ಚಿಗವ್ವ ಕೇಳಿದ್ದಳು. ನಾನು, ಏನಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಆಮೇಲೆ ತಂಬಿಗೆ ನನ್ನ ಕೈಗೆ ಕೊಟ್ಟಳು.

"ನಾಳಿ ಬರ್ತೀರಿಲ್ರಿ?"

"ಬರ್ತೀನಿ" ಎಂದೆ, ಅವಳು ಕೇಳಿ ಮುಗಿಸುವ ಮೊದಲೇ.